ದೂರು ಹೇಳೋಕೆ ಮಾತ್ರ ಕರೆದರೆ ಯಾರು ಬರುತ್ತಾರೆ?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿ ಕಲಿ (ಹಾಡು, ಆಟ, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಶಿಕ್ಷಕಿ. ಪೋಷಕರ ಸಭೆಗೆ ಚೀಟಿ ಕಳಿಸಿದರೆ 30 ಮಕ್ಕಳಲ್ಲಿ ಆರೇಳು ಮನೆಯವರು ಬರುತ್ತಾರೆ. ಬಂದ ತಾಯಂದಿರೂ ‘ನಮಗೆ ಓದೋಕೆ ಬರಲ್ಲ ಟೀಚರ್, ನೀವೇ ನೋಡ್ಕೊಳ್ಳಿ’ ಅಂತ ಎದ್ದು ಹೋಗುತ್ತಾರೆ. ಕೆಲವರು ‘ಬರೀ ಹಾಡಿಸ್ತೀರಿ, ಕುಣಿಸ್ತೀರಿ, ಅಕ್ಷರ ಯಾವಾಗ ಕಲಿಸ್ತೀರಿ’ ಅಂತ ಕೇಳುತ್ತಾರೆ. ಇವರನ್ನು ಮಕ್ಕಳ ಕಲಿಕೆಯಲ್ಲಿ ಸೇರಿಸಿಕೊಳ್ಳೋದು ಹೇಗೆ?

ಉತ್ತರ: ಆ ಆರೇಳು ಜನ ಬಂದರಲ್ಲ, ಅವರು ಕೂಲಿ ಬಿಟ್ಟು ಬಂದಿರುತ್ತಾರೆ ಟೀಚರ್. ಶೇಂಗಾ ಕೀಳೋ ಕಾಲದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಹೊಲ ಬಿಟ್ಟು ಯಾರು ಬರುತ್ತಾರೆ ಹೇಳಿ. ಸಂಜೆ ಇಡಿ, ಗುಡಿ ಕಟ್ಟೆ ಮೇಲೆ ಇಡಿ. ಸಮಯ ಯಾವುದು ಅನ್ನೋದನ್ನು ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ ತಾಯಂದಿರನ್ನೇ ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಆದರೆ ಎಷ್ಟೋ ಕಡೆ ಅವರನ್ನು ಸಹಿ ಹಾಕೋಕೆ, ಹೆಬ್ಬೆಟ್ಟು ಒತ್ತೋಕೆ ಮಾತ್ರ ಕರೆಯುತ್ತಾರೆ. ಇದು ನನಗೆ ಬಹಳ ಬೇಜಾರಿನ ವಿಷಯ.

ಇನ್ನೊಂದು. ನೀವು ಈ ವರ್ಷ ಯಾವ ಯಾವ ಮನೆಗೆ ಏನೇನು ಹೇಳಿ ಕಳಿಸಿದ್ದೀರಿ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ನಾನು ಮೇಷ್ಟ್ರಾಗಿದ್ದಾಗ ಮೊದಲ ಕೆಲವು ವರ್ಷ ‘ಹುಡುಗ ಓದ್ತಿಲ್ಲ, ಜಗಳ ಆಡ್ತಾನೆ, ಬಂದು ಹೋಗಿ’ ಅಂತಲೇ ಕಳಿಸುತ್ತಿದ್ದೆ. ಆ ಅಪ್ಪ ಅಮ್ಮ ತಾವು ಶಾಲೆಯಲ್ಲಿದ್ದಾಗ ಬೈಸಿಕೊಂಡು, ಅರ್ಧಕ್ಕೇ ಬಿಟ್ಟವರು. ಮತ್ತೆ ಬಂದು ಬೈಸಿಕೊಳ್ಳೋಕೆ ಯಾರಿಗೆ ಇಷ್ಟ, ಅಲ್ವಾ? ಆಮೇಲೆ ಊರಲ್ಲಿ ನಡೆದು ಹೋಗುವಾಗ ಯಾವುದಾದರೂ ಒಂದು ಮನೆ ಮುಂದೆ ನಿಂತು ‘ನಿಮ್ಮ ಹುಡುಗಿ ಇವತ್ತು ತಾನೇ ಒಂದು ಕಥೆ ಹೇಳಿದಳು’ ಅಂತ ಹೇಳಿ ಹೋಗೋದು ರೂಢಿ ಮಾಡಿಕೊಂಡೆ. ಎರಡು ನಿಮಿಷದ ಕೆಲಸ. ಆ ತಾಯಿ ಮುಂದಿನ ಸಲ ಕರೆಯದೇ ಬಂದಳು.

‘ಓದೋಕೆ ಬರಲ್ಲ’ ಅನ್ನೋ ತಾಯಿಗೆ ನೀವು ಕೆಲಸ ಕೊಡಬೇಕು, ಅವಳಿಂದ ಆಗುವ ಕೆಲಸ. ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ಮಗು ಗಟ್ಟಿಯಾಗಿ ಓದಲಿ, ಪದದ ಕೆಳಗೆ ಬೆರಳಿಟ್ಟುಕೊಂಡು. ತಾಯಿ ಪಕ್ಕದಲ್ಲಿ ಕೂತು ಬೆರಳನ್ನು ನೋಡಿದರೆ ಸಾಕು. ಬೆರಳು ಎಲ್ಲಿ ನಿಂತಿತೋ ಅಲ್ಲಿ ಪೆನ್ಸಿಲಲ್ಲಿ ಒಂದು ಚುಕ್ಕೆ ಇಡಲಿ. ಅಕ್ಷರ ಗೊತ್ತಿಲ್ಲದಿದ್ದರೂ ಮಗು ತಡವರಿಸಿದ್ದು ತಾಯಿಗೆ ಗೊತ್ತಾಗುತ್ತದೆ. ಬೆಳಿಗ್ಗೆ ಪುಸ್ತಕ ತೆಗೆದು ಚುಕ್ಕೆ ನೋಡಿದರೆ ನಿಮಗೆ ಒತ್ತಕ್ಷರ ತೊಡಕೋ, ದೀರ್ಘ ತೊಡಕೋ ತಿಳಿಯುತ್ತದೆ. ಮಗುವಿನ ಎದುರಿಗೇ ‘ಅಮ್ಮ ಸರಿಯಾಗಿ ಗುರುತು ಹಾಕಿದ್ದಾರೆ’ ಅಂತ ಹೇಳಿ, ಆ ಮಾತು ಸಂಜೆಯೊಳಗೆ ಮನೆ ಮುಟ್ಟುತ್ತದೆ.

ಲೆಕ್ಕಕ್ಕಂತೂ ಮನೆಯೇ ಸಾಕು. ಬಿತ್ತನೆಗೆ ಮುಂಚೆ ಶೇಂಗಾ ಕಾಯಿ ಸುಲಿಯೋಕೆ ಕೂರುತ್ತಾರಲ್ಲ, ಆಗ ‘ಹತ್ತು ಕಾಯಿ ಸುಲಿ, ಎಷ್ಟು ಬೀಜ ಬಂತು? ಇಪ್ಪತ್ತು ಸುಲಿದರೆ ಎಷ್ಟಾಗಬಹುದು?’ ಅಂತ ಕೇಳಲಿ. ಮೊದಲು ಅಂದಾಜು ಹೇಳಿಸಿ, ಆಮೇಲೆ ಎಣಿಸಲಿ. ಸೇರು, ಪಾವು, ಕೂಲಿ ಲೆಕ್ಕ ಎಲ್ಲಾ ಆ ತಾಯಿಗೆ ಬಾಯಲ್ಲೇ ಇದೆ.

‘ಬರೀ ಕುಣಿಸ್ತೀರಿ’ ಅನ್ನೋರ ಮೇಲೆ ಸಿಟ್ಟಾಗಬೇಡಿ. ಅವರು ನೋಡಿದ ಶಾಲೆಯಲ್ಲಿ ಸಾಲಾಗಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದರು, ನಿಮ್ಮಲ್ಲಿ ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಗುಂಪಾಗಿ ನೆಲದ ಮೇಲೆ ಕೂತಿರುತ್ತಾರೆ. ಒಂದು ಬೆಳಿಗ್ಗೆ ನಾಲ್ಕೈದು ಜನರನ್ನು ಒಳಗೆ ಕೂರಿಸಿಕೊಳ್ಳಿ. ಭಾಷಣ ಬೇಡ. ಮಗು ಒಂದಾದ ಮೇಲೊಂದು ಏನು ಕಲಿಯಬೇಕು ಅಂತ ತೋರಿಸುವ ಕಲಿಕಾ ಏಣಿಯ ಪಟದಲ್ಲಿ ಚಿಹ್ನೆಗಳಿವೆ, ಅದನ್ನು ನೋಡೋಕೆ ಓದು ಬರಬೇಕಿಲ್ಲ. ‘ಅವ್ವಾ, ನಾನು ಇಲ್ಲಿಗೆ ಬಂದಿದೀನಿ, ಮುಂದೆ ಇದು’ ಅಂತ ಮಗುವೇ ಬೆರಳಿಟ್ಟು ತೋರಿಸಲಿ. ನೀವು ಸುಮ್ನೆ ಪಕ್ಕದಲ್ಲಿರಿ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಐದನೇ ತರಗತಿ ಶಿಕ್ಷಕ. ನಮ್ಮ ಮಕ್ಕಳ ಅಪ್ಪಂದಿರು ಜಾಸ್ತಿ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು, ನಸುಕಿನಲ್ಲೇ ಹೋಗುತ್ತಾರೆ. ವಾಟ್ಸಾಪ್‌ನಲ್ಲಿ ಎಷ್ಟು ಬರೆದು ಹಾಕಿದರೂ ಉತ್ತರವಿಲ್ಲ.

ಉತ್ತರ: ಬರೆಯಬೇಡಿ, ಮಾತಾಡಿ ಕಳಿಸಿ. ಅರ್ಧ ನಿಮಿಷದ ವಾಯ್ಸ್ ಮೆಸೇಜ್, ನಮ್ಮ ದಾವಣಗೆರೆ ಮಾತಿನಲ್ಲೇ. ಕೊನೆಗೆ ಮಗುವೇ ಎರಡು ಸಾಲು ಓದಿದರೆ ಅಪ್ಪ ಅದನ್ನು ನಾಲ್ಕು ಸಲ ಕೇಳುತ್ತಾನೆ. ಯಾರಿಗೆ ಎಷ್ಟು ಅಂಕ ಬಂತು ಅಂತ ಮಾತ್ರ ಗುಂಪಿನಲ್ಲಿ ಹಾಕಲೇಬೇಡಿ.

ಅವರಲ್ಲಿ ಒಬ್ಬರನ್ನು ಬಿಡುವಿನ ದಿನ ತರಗತಿಗೆ ಕರೆಯಿರಿ. ಕಾದ ಮರಳಿಗೆ ಬಿದ್ದ ಅಕ್ಕಿ ಹೇಗೆ ಅರಳುತ್ತದೆ, ಉಪ್ಪು ನೀರು ಯಾವಾಗ ಹಾಕುತ್ತಾರೆ, ಬೆಂಕಿ ಕಡಿಮೆಯಾದರೆ ಏನಾಗುತ್ತದೆ, ಎಲ್ಲಾ ಅವರು ಹೇಳಲಿ. ಅಕ್ಕಿಯೊಳಗಿನ ತೇವ ಹಬೆಯಾಗಿ ಉಬ್ಬಿಸುತ್ತದೆ ಅನ್ನೋ ಪಾಠ ನೀವು ಜೋಡಿಸಿ. ಬರುವಾಗ ಒಂದು ಹಿಡಿ ಹುರಿಯದ ಅಕ್ಕಿ, ಒಂದು ಹಿಡಿ ಮಂಡಕ್ಕಿ ತರಲು ಹೇಳಿ. ಮಕ್ಕಳು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಲಿ.