ಪ್ರೀತಿಯ ಹಾಡೇ ಗಂಟಲು ಕಟ್ಟಿದಾಗ

(ವೇದಿಕೆಯ ಅಂಜಿಕೆಗೆ ಸಲಹೆ ಕೇಳಿ ನನ್ನ ಬಳಿ ಬಂದವರ ಕಥೆಯಿದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.)

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಇಪ್ಪತ್ತೇಳರ ಯುವಕ. ಗಿಟಾರ್ ಹಿಡಿದು ಹಾಡುವುದೆಂದರೆ ಪ್ರಾಣ. ಪೇಟೆಯ ಕೆಫೆಯಲ್ಲಿ ಶನಿವಾರ ಸಂಜೆ ನಡೆಯುವ, ಯಾರು ಬೇಕಾದರೂ ಹಾಡಬಹುದಾದ ಓಪನ್ ಮೈಕ್‌ನಲ್ಲಿ ಒಂದೇ ಹಾಡನ್ನು ಎರಡು ಸಲ ಅರ್ಧಕ್ಕೆ ನಿಲ್ಲಿಸಿ ಇಳಿದು ಬಂದಿದ್ದರು. ಅದು ಹೈಸ್ಕೂಲಿನ ದಿನಗಳಿಂದ ಅವರು ಕೇಳುತ್ತಾ ಬಂದ ಭಾವಗೀತೆ. "ಬೇರೆ ಹಾಡುಗಳನ್ನು ಹೇಗೋ ಹಾಡಿಬಿಡುತ್ತೇನೆ ಮೇಡಂ. ನನಗೆ ಹಾಡಬೇಕಾಗಿರುವುದು ಇದೊಂದೇ, ಇದೇ ಆಗುತ್ತಿಲ್ಲ" ಎಂದರು. ಕರೆತಂದವರು ಅವರ ಅಕ್ಕ. ಶುಕ್ರವಾರದಿಂದಲೇ ತಮ್ಮನಿಗೆ ಊಟ ಸೇರುವುದಿಲ್ಲ ಎಂಬುದು ಅವರ ಚಿಂತೆ.

ಸರದಿ ಬಂದ ಕ್ಷಣದಿಂದ ಏನೇನಾಯಿತು, ಬಿಡದೆ ಹೇಳಿ ಎಂದೆ. ಅಂಗೈ ಬೆವರುತ್ತದೆ. ಮೈಕ್ ಮುಂದೆ ಮೊದಲ ಮಾತೇ "ಕ್ಷಮಿಸಿ, ಗಂಟಲು ಸರಿಯಿಲ್ಲ." ಆಮೇಲೆ ಕಣ್ಣು ಮುಚ್ಚುತ್ತಾರೆ. ಪಲ್ಲವಿ ಹಾಡುವಾಗಲೇ ಚರಣದಲ್ಲಿ ಬರುವ ಎತ್ತರದ ಸ್ವರದ, ಅಂದರೆ ಮೇಲಿನ ಷಡ್ಜದ ಭಯ. ಪ್ರತಿ ಸಾಲನ್ನೂ ಮೂಲ ಗಾಯಕರ ದನಿಯೊಡನೆ ಹೋಲಿಸುತ್ತಾ ಹೋಗುತ್ತಾರೆ.

ಜನರೆದುರಿನ ಅಂಜಿಕೆಯ ಬಗ್ಗೆ ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಮಂಡಿಸಿದ ವಿವರಣೆ ಇವರ ವಿಷಯದಲ್ಲಿ ಅಕ್ಷರಶಃ ನಿಜ. ಅಂಜಿದವರ ಗಮನ ಎದುರಿನ ಜನರಿಂದ ಕಳಚಿ ತಮ್ಮ ಮೇಲೆಯೇ ತಿರುಗುತ್ತದೆ. ಪಾರಾಗಲು ಮಾಡುವ ಚಿಕ್ಕಪುಟ್ಟ ಉಪಾಯಗಳೇ ಅಂಜಿಕೆಯನ್ನು ಸಾಕುತ್ತವೆ. ಮೊದಲೇ ಕೇಳುವ ಕ್ಷಮೆ ಅಂಥದ್ದು, ಮುಚ್ಚಿದ ಕಣ್ಣೂ ಅಂಥದ್ದೇ. ಕೇಳುಗರ ಮುಖ ಕಾಣದಿದ್ದರೆ ಅವರು ತಲೆದೂಗುತ್ತಿರುವುದು ತಿಳಿಯುವುದಾದರೂ ಹೇಗೆ?

ಮುಂದಿನ ಭೇಟಿಗೆ ಗಿಟಾರ್ ತರಿಸಿ ಹಾಡಿಸಿದೆ. ನಾನು ಸಂಗೀತ ಕಲಿಸುವವಳಲ್ಲ, ಆದರೆ ಮೈ ಹೇಳುವುದನ್ನು ನೋಡಬಲ್ಲೆ. ಚರಣ ಹತ್ತಿರವಾದಂತೆ ಕತ್ತಿನ ನರಗಳು ಬಿಗಿದವು, ಭುಜಗಳು ಕಿವಿಯತ್ತ ಏರಿದವು. ಗಿಟಾರಿನ ಕ್ಯಾಪೋ, ಅಂದರೆ ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್ಪು, ಐದನೆಯ ಮನೆಯಲ್ಲಿತ್ತು. ಕೆಳಗಿಳಿಸಬಾರದೇ ಎಂದೆ. "ಮೂಲ ಗಾಯಕರ ಶ್ರುತಿ ಅದು ಮೇಡಂ. ಬದಲಿಸಿದರೆ ಹಾಡಿಗೆ ಅಪಚಾರ ಮಾಡಿದಂತೆ" ಎಂದರು. ಗಂಟು ಸಿಕ್ಕಿದ್ದು ಅಲ್ಲಿ. ಇವರು ಹಾಡಲು ನಿಲ್ಲುತ್ತಿರಲಿಲ್ಲ, ಇನ್ನೊಬ್ಬರ ದನಿಯನ್ನು ಹಾಗೇ ಒಪ್ಪಿಸಲು ನಿಲ್ಲುತ್ತಿದ್ದರು.

ಉದಾಹರಣೆಗೆಂದು ನಾವು ಮಾತನಾಡಿದ್ದು 'ನಿತ್ಯೋತ್ಸವ' ಗೀತೆಯ ಬಗ್ಗೆ. ಕವಿತೆ ಕೆ.ಎಸ್. ನಿಸಾರ್ ಅಹಮದ್ ಅವರದು, ರಾಗಸಂಯೋಜನೆ ಮೈಸೂರು ಅನಂತಸ್ವಾಮಿ ಅವರದು. ಅದರ ಕ್ಯಾಸೆಟ್ ಬಂದದ್ದು 1978ರಲ್ಲಿ. ಅಂದಿನಿಂದ ಶಾಲಾ ಮಕ್ಕಳು, ಗೃಹಿಣಿಯರು, ನಿವೃತ್ತರು ತಮ್ಮ ತಮ್ಮ ಶ್ರುತಿಯಲ್ಲಿ ಅದನ್ನು ಹಾಡುತ್ತಲೇ ಇದ್ದಾರೆ. ಅಪಚಾರವಾಯಿತೇ? ಅವರು ಬಹಳ ಹೊತ್ತು ಸುಮ್ಮನಿದ್ದು, ಕ್ಯಾಪೋವನ್ನು ಎರಡನೆಯ ಮನೆಗೆ ಇಳಿಸಿದರು. ಬೆರಳಿನ ಹಿಡಿತ ಅದೇ, ಶ್ರುತಿ ಮೂರು ಸ್ವರಸ್ಥಾನ ಕೆಳಗೆ. ಚರಣ ನಿರಾಯಾಸವಾಗಿ ಬಂತು.

ನಾನು ಕೊಟ್ಟ ಸಲಹೆ ಹೀಗಿತ್ತು. ಮೂಲ ಧ್ವನಿಮುದ್ರಣವನ್ನು ಕೆಲವು ದಿನ ಕೇಳಬೇಡಿ. ಈ ಶ್ರುತಿಯಲ್ಲಿ ಮೊದಲು ಅಕ್ಕನೆದುರು, ಆಮೇಲೆ ಇಬ್ಬರು ಸಹೋದ್ಯೋಗಿಗಳೆದುರು ಹಾಡಿ, ಕೆಫೆ ನಂತರ. ಮೈಕ್ ಮುಂದೆ ಕ್ಷಮೆ ಕೇಳಕೂಡದು. ಕಣ್ಣು ತೆರೆದು, ಸಾಲಿಗೊಬ್ಬರಂತೆ ಕೇಳುಗರನ್ನು ನೋಡಿ ಹಾಡಿ. ತಪ್ಪಿದರೆ ಮುಂದಿನ ಸಾಲಿಗೆ ಹೋಗಿ, ನಿಲ್ಲಿಸಬೇಡಿ. ಎದೆ ಡವಡವ ಎನ್ನುವಾಗ "ಶಾಂತವಾಗು" ಎಂದು ಗದರಿಕೊಳ್ಳುವ ಬದಲು "ನನಗೆ ಉತ್ಸಾಹ ಬಂದಿದೆ" ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಇದು ಬರೀ ಸಮಾಧಾನದ ಮಾತಲ್ಲ. ಅಮೆರಿಕದ ಸಂಶೋಧಕಿ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕರೋಕೆ ಹಾಡುವ ಮುನ್ನ ಹೀಗೆ ಹೇಳಿಕೊಂಡವರು "ನನಗೆ ಆತಂಕವಾಗಿದೆ" ಎಂದವರಿಗಿಂತ ಚೆನ್ನಾಗಿ ಹಾಡಿದ್ದರು.

ಒಂದು ವಿಷಯದಲ್ಲಿ ಮಾತ್ರ ನಾನು ಬಿಗಿಯಾದೆ. ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆಯನ್ನು ಗೆಳೆಯನೊಬ್ಬ ಕೊಟ್ಟಿದ್ದ, ಇವರು ಜೇಬಿನಲ್ಲಿಟ್ಟುಕೊಂಡಿದ್ದರು. ಇವರಿಗೆ ಚಿಕ್ಕಂದಿನಿಂದ ಉಬ್ಬಸವಿದೆ. ಉಬ್ಬಸ ಇರುವವರಿಗೆ ಆ ಮಾತ್ರೆ ಅಪಾಯ ತರಬಲ್ಲದು. ವೈದ್ಯರನ್ನು ಕೇಳದೆ ಯಾರೂ ಅದನ್ನು ನುಂಗಬಾರದು. ಅಂಜಿಕೆ ವೇದಿಕೆಯಾಚೆಗೂ ಹಬ್ಬಿ ನಿದ್ದೆ, ಕೆಲಸ ಕೆಡಿಸಿದರೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಕೆಫೆಯಲ್ಲಿ ಹಾಡು ಪೂರ್ತಿಯಾಯಿತು. ಎರಡನೆಯ ಚರಣದಲ್ಲಿ ದನಿ ನಡುಗಿತಂತೆ, ನಿಲ್ಲಿಸಲಿಲ್ಲ. ಅಂಗೈ ಈಗಲೂ ಬೆವರುತ್ತದೆ, ಶುಕ್ರವಾರದ ಊಟ ಮಾತ್ರ ತಪ್ಪುತ್ತಿಲ್ಲ. ಹಾಡಿ ಇಳಿದಾಗ ಯಾರೋ "ನಿಮ್ಮದೇ ಹಾಡು ಯಾವಾಗ?" ಎಂದರಂತೆ, ಆ ಪ್ರಶ್ನೆ ಅವರನ್ನು ಕೊರೆಯುತ್ತಿದೆ. ಅವಸರವಿಲ್ಲ, ಈ ಹಾಡನ್ನೇ ಇನ್ನಷ್ಟು ಸಲ ಹಾಡಿ ಎಂದಿದ್ದೇನೆ. ಈಗ ಕಾಫಿ ಕೊಯ್ಲಿನ ಕಾಲ, ಘಟಕದಲ್ಲಿ ಕೆಲಸ ಜೋರು. ಅದು ಮುಗಿದ ಮೇಲೆ ಮತ್ತೆ ಬರುತ್ತಾರೆ.