ಮೊಣಕಾಲಿನ ಸೂಜಿ ಹಾಕಿಸ್ರಿ, ಆದ್ರ ಔಷಧದ ಹೆಸರು ಕೇಳಿ ಹಾಕಿಸ್ರಿ

ನಿಮ್ಮ ತಾಯಿಗೆ 61 ವರ್ಷ, ಮೊಣಕಾಲು ಸವದಾವ, ಶುಗರ್ ಐತಿ, ಡಾಕ್ಟರ್ ಸಂದಿಗೆ ಇಂಜೆಕ್ಷನ್ ಮಾಡೂಣು ಅಂದಾರ, ಸ್ಟೆರಾಯ್ಡ್ (ಬಾವು, ಬ್ಯಾನಿ ಇಳಸೂ ಜೋರ ಔಷಧ) ಅಂತ ನಿಮಗ ಹೆದರಿಕಿ, ಹಾಕಿಸಬೇಕೋ ಬ್ಯಾಡೋ ಅಂತ ಕೇಳೀರಿ. ನಾ ಡಾಕ್ಟರ್ ಅಲ್ರೀ, ಬಾಗಲಕೋಟಿ ಕಡೆಯಾಂವ, ನಮ್ಮವ್ವನ ಕರ್ಕೊಂಡು ಮೂರು ವರ್ಷ ದವಾಖಾನಿ ತಿರುಗೀನಿ, ಅಷ್ಟ.

ಅವ್ವನ ಬ್ಯಾನಿ ಹೆಂಗಿತ್ತಂದ್ರ, ಒಲಿ ಮುಂದ ಕುಂತು ರೊಟ್ಟಿ ಬಡದು ಏಳೂ ಹೊತ್ತಿಗೆ ಒಂದ್ ಕೈ ನೆಲಕ್ಕ, ಇನ್ನೊಂದ್ ಕೈ ಹಿಟ್ಟಿನ ಡಬ್ಬಿ ಮ್ಯಾಲ, ಎರಡ್ ಸಲ ಏಳಾಕ ಹೋಗಿ ಮತ್ತ ಕುಂತು, ಮೂರನೇದಕ್ಕ "ಯಪ್ಪಾ ಶಿವನ" ಅಂತ ಎದ್ದ ನಿಲ್ಲಾಕಿ. ನಮಗ ಹೇಳ್ದಂಗ ಊರಾಗ ಒಬ್ಬಾಂವನ ಕಡೆ ಹೋಗಿ ಕುಂಡಿಗೆ ಸೂಜಿ ಹಾಕಿಸ್ಕೊಂಡ್ ಬರ್ತಿದ್ಲು, 150 ರೂಪಾಯಿ, ಮರುದಿನ ಹುಡುಗಿಗತೆ ಓಡಾಡಾಕಿ, ಎಂಟು ದಿನಕ್ಕ ಮತ್ತ ಅದ ಹಾಡು. ಏನ್ ಔಷಧರೀ ಅಂದ್ರ "ಪವರಿಂದು" ಅಂತಿದ್ದ ಪುಣ್ಯಾತ್ಮ. ಮಾರಿ ಬಾತು ಶುಗರ್ ಏರಿದ ಮ್ಯಾಲ ಪ್ಯಾಟಿ ಡಾಕ್ಟರ್ ನೋಡಿ, ಇದು ಸ್ಟೆರಾಯ್ಡ್ ಇದ್ದಂಗೈತಿ ಅಂದ್ರು. ನೀವು ಹೆದರಬೇಕಾದ್ದು ಆ ಸೂಜಿಗೆ. ಸಂದಿನೊಳಗ ಅಳತಿ ಮಾಡಿ ಹಾಕೂದು ಬ್ಯಾರೇನ ಐತಿ.

ಸಂದಿಗೆ ಹಾಕೂದು ಬಹಳ ಮಾಡಿ ಟ್ರಯಾಮ್ಸಿನೊಲೋನ್ ಇಲ್ಲಾ ಮೀಥೈಲ್‌ಪ್ರೆಡ್ನಿಸೊಲೋನ್, ಎರಡೂ ಸ್ಟೆರಾಯ್ಡ್‌ನ, ಸಾಮಾನ್ಯವಾಗಿ 40 ಮಿಲಿಗ್ರಾಂ. ಅವ್ವಗ ಹಾಕೂಮುಂದ ನಾ ಬಾಜೂಕ ನಿಂತಿದ್ದೆ, ಮೊದಲ ಖಾಲಿ ಸಿರಿಂಜ್‌ಲೆ ಒಳಗಿನ ನೀರು ಎಳದ್ರು, ತಿಳಿ ಹಳದಿ, ಶೇಂಗಾ ಎಣ್ಣಿಗತೆ ಅಂಟಂಟು, ಆಮ್ಯಾಲ ಸೂಜಿ ಅಲ್ಲೇ ಬಿಟ್ಟು ಸಿರಿಂಜ್ ಅಷ್ಟ ಬದಲಿ ಮಾಡಿ ಔಷಧ ಬಿಟ್ರು. ಎರಡು ನಿಮಿಷ ಹಿಡೀಲಿಲ್ಲ. ಆ ರಾತ್ರಿ ಬ್ಯಾನಿ ಇದ್ದದ್ದಕ್ಕಿಂತ ಜಾಸ್ತಿನ ಆತು, ಒಂದೆರಡು ದಿನ ಹಂಗಾಗೂದು ಇರ್ತೈತಂತ, ಐಸ್ ಇಟ್ವಿ. ಮೂರನೇ ದಿನದಿಂದ ಆರಾಮ. ಆದ್ರ ಜ್ವರ ಬಂದು ಮೊಣಕಾಲು ಕೆಂಪಾಗಿ ಸುಡಾಕ ಹತ್ತಿದ್ರ ಮುಂಜಾನೆತನಕ ಕಾಯಬ್ಯಾಡ್ರಿ, ಸೋಂಕು ಅಪರೂಪ ಖರೆ, ಆದ್ರ ಸಂದು ಹಾಳ ಮಾಡ್ತೈತಿ.

ಶುಗರ್ ವಿಷಯ ನಮಗ ಯಾರೂ ಹೇಳಿರಲಿಲ್ಲ. ಸಂದಿಗೆ ಹಾಕಿದ್ರೂ ಸ್ವಲ್ಪ ರಕ್ತಕ್ಕ ಹೋಗೇ ಹೋಗ್ತೈತಿ. ಅವ್ವಂದು ಮರುದಿನ 340 ತೋರಿಸ್ತು, ನಾ ಮಷಿನ್ ಕೆಟ್ಟೈತಿ ಅಂತ ಬ್ಯಾರೆ ಸ್ಟ್ರಿಪ್ ಹಾಕಿ ನೋಡಿದೆ, ಅಷ್ಟ ಬಂತು! ಐದಾರು ದಿನಕ್ಕ ಇಳೀತು. ನೀವು ಮೊದಲ ಶುಗರ್ ಡಾಕ್ಟರ್‌ಗೆ ಕೇಳಿ ಹೋಗ್ರಿ, ಹಾಕಿಸಿದ ಮ್ಯಾಲ ಒಂದ್ ವಾರ ದಿನಾ ಚೆಕ್ ಮಾಡ್ರಿ.

ಎಷ್ಟು ದಿನ ಇರ್ತೈತಿ ಅಂದ್ರ ಕೆಲವು ವಾರ, ನಸೀಬ ಚಲೋ ಇದ್ರ ಮೂರು ತಿಂಗಳು. ಸವದದ್ದು ಇದರಿಂದ ಮತ್ತ ಬೆಳಿಯೂದಿಲ್ಲ. 2017ರಾಗ ಅಮೆರಿಕಾದವರು 140 ಮಂದಿ ಮ್ಯಾಲ ನೋಡ್ಯಾರ, ಮೂರು ತಿಂಗಳಿಗೊಮ್ಮೆ ಹಂಗ ಎರಡು ವರ್ಷ ಟ್ರಯಾಮ್ಸಿನೊಲೋನ್ ಹಾಕಿಸ್ಕೊಂಡವರಿಗೆ ಬರೇ ಉಪ್ಪುನೀರು ಹಾಕಿದವರಿಗಿಂತ ಬ್ಯಾನಿ ಏನ್ ಕಮ್ಮಿ ಆಗಿರಲಿಲ್ಲ, ಮ್ಯಾಲ ಕಾರ್ಟಿಲೇಜ್ ಅಂದ್ರ ಎಲುಬಿನ ತುದಿ ಮ್ಯಾಲಿನ ಗಾದಿ ಜಾಸ್ತಿ ಸವದಿತ್ತು. ಅದಕ್ಕ ಒಮ್ಮೆ ಹಾಕಿಸಾಕ ಅಡ್ಡಿಯಿಲ್ಲ, ಚಟಾ ಮಾಡ್ಕೋಬ್ಯಾಡ್ರಿ.

ಇನ್ನ "ಗ್ರೀಸ್ ಹಾಕ್ತೀವಿ" ಅನ್ನೂದು. ಅದು ಹಯಲುರೋನಿಕ್ ಆಸಿಡ್, ಮೊದಮೊದಲು ಹುಂಜದ ಜುಟ್ಟಿನಿಂದ ತಗೀತಿದ್ರು, ಈಗೂ ಕೆಲವು ಬ್ರ್ಯಾಂಡ್ ಹಂಗ ಬರ್ತಾವ (ಅವ್ವಗ ಇದನ್ನ ಇವತ್ತಿಗೂ ಹೇಳಿಲ್ಲ, ಮೊಟ್ಟಿನೂ ಮುಟ್ಟದಾಕಿ). ನಾವು 14 ಸಾವಿರ ಕೊಟ್ಟು ಹಾಕಿಸಿದ್ವಿ, ಫರಕ್ ಏನೂ ಗೊತ್ತಾಗಲಿಲ್ಲ. ಅಮೆರಿಕಾದ ಸಂಧಿವಾತದ ಡಾಕ್ಟರ್‌ಗಳ ಸಂಘ 2019ರಾಗ ಮೊಣಕಾಲಿಗೆ ಸ್ಟೆರಾಯ್ಡ್ ಸೂಜಿಗೆ ಹೂಂ ಅಂದು, ಈ ಗ್ರೀಸಿಗೆ ಬ್ಯಾಡ ಅನ್ನೂ ಕಡೆನ ವಾಲೈತಿ. ನಾ ಓದಿದ್ದು ರೊಕ್ಕಾ ಕೊಟ್ಟ ಮ್ಯಾಲ. ಪಿಆರ್‌ಪಿ ಅಂತ ನಮ್ಮದ ರಕ್ತ ತಗದು ತಿರುವಿ ಹಾಕೂದು ಇನ್ನೂ ತುಟ್ಟಿ, 2021ರಾಗ ಆಸ್ಟ್ರೇಲಿಯಾದಾಗ 288 ಮಂದಿ ಮ್ಯಾಲ ನೋಡಿದ್ರ ವರ್ಷದ ಮ್ಯಾಲ ಉಪ್ಪುನೀರಿಗೂ ಅದಕ್ಕೂ ಬ್ಯಾನಿಯೊಳಗ ಹೇಳಿಕೊಳ್ಳೂವಂಥ ಫರಕ್ ಇರಲಿಲ್ಲ.

ಒಂದು ಕೇಳ್ತೀನಿ, ತಾಯಿಗೆ ಕೈಬೆರಳಿನ ಸಂದೂ ಬಾತಾವೇನು, ಮುಂಜಾನೆ ತಾಸಗಟ್ಟಲೆ ಕೈಕಾಲು ಬಿಗೀ ಹಿಡಿತಾವೇನು? ಹಂಗಿದ್ರ ಅದು ರುಮಟಾಯ್ಡ್ (ಸವತ ಅಲ್ಲ, ಮೈಯಾಗಿನ ರೋಗ ತಡಿಯೂ ಶಕ್ತಿನ ಸಂದಿನ ಮ್ಯಾಲ ತಿರುಗಿ ಬೀಳೂ ವಾತ) ಇರಬಹುದು, ಅದಕ್ಕ ಮೊಣಕಾಲಿನ ಸೂಜಿ ಒಂದ ಸಾಲೂದಿಲ್ಲ, ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಅಂಥಾ ಔಷಧ ಬೇಕು, ರುಮಟಾಲಜಿ ಅಂದ್ರ ಸಂಧಿವಾತದ ಡಾಕ್ಟರ್ ಹತ್ರನ ಹೋಗ್ರಿ.

ಬರೇ ಸವತ ಇದ್ರ, ಸೂಜಿ ಕೊಟ್ಟ ಆರಾಮದ ದಿನಾನ ವ್ಯಾಯಾಮಕ್ಕ ಬಳಸ್ರಿ. ನಾವು ಮೊದಲ ಸಲ ಇಲ್ಲೇ ತಪ್ಪಿದ್ವಿ, ಬ್ಯಾನಿ ಹೋತಂತ ಅವ್ವ ಬನಶಂಕರಿ ಜಾತ್ರಿಗೆ ಹೋಗಿ ದಿನಾಪೂರ್ತಿ ತಿರುಗಿ ಬಂದ್ಲು, ಎರಡೂವರೆ ತಿಂಗಳಿಗೆ ಮತ್ತ ಮೊದಲಿನಂಗ. ಎರಡನೇ ಸೂಜಿಗೆ ಫಿಸಿಯೋದವರು ಹೇಳಿದಂಗ ಮೊಣಕಾಲ ಕೆಳಗ ಟಾವೆಲ್ ಸುತ್ತಿ ಇಟ್ಟು ಕೆಳಗ ಒತ್ತಿ ಹಿಡದು ಬಿಡೂದು, ಧಾರಾವಾಹಿ ಹತ್ತಿದ್ರ ಅಡ್ವಟೈಸ್ ಬಂದಾಗೆಲ್ಲ ಒತ್ತಾಕಿ. ಗ್ಯಾಸ್ ಕಟ್ಟಿ ಮ್ಯಾಲಿಟ್ಟು ರೊಟ್ಟಿ ನಿಂತ ಬಡೀತಾಳ. ವರ್ಷ ಆತು, ಮೂರನೇ ಸೂಜಿ ಬೇಕಾಗಿಲ್ಲ.

ಮುಂದ ಮೊಣಕಾಲು ಬದಲಿ ಮಾಡಿಸೂ ವಿಚಾರ ಇದ್ರ ಈಗ ಹೇಳಿಬಿಡ್ರಿ, ಸೂಜಿ ಹಾಕಿಸಿದ ಮೂರು ತಿಂಗಳೊಳಗ ಆಪರೇಷನ್ ಮಾಡಿದ್ರ ಸೋಂಕಿನ ಅಪಾಯ ಜಾಸ್ತಿ ಅಂತ ಮುಂದಕ್ಕ ಹಾಕ್ತಾರ. ತಾಯಿದು ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೂ ರಕ್ತ ಪರೀಕ್ಷೆ) ಎಷ್ಟೈತಿ, ಕೆಳಗ ಬರೀರಿ.