ಸೂಪರ್ವಿಷನ್‌ನಲ್ಲಿ ಬಳಸಲು ಒಳ್ಳೆಯ ರೂಪಕಗಳ ಪಟ್ಟಿ ಇದೆಯೇ?

ಹೊಸದಾಗಿ ಥೆರಪಿಸ್ಟ್‌ಗಳ ಸೂಪರ್ವೈಸರ್ ಆಗಿದ್ದೀರಿ, ಅಂದರೆ ಕಲಿಯುತ್ತಿರುವ ಥೆರಪಿಸ್ಟ್‌ಗಳ ಜೊತೆ ಕೂತು ಅವರ ಕೇಸುಗಳನ್ನು ಚರ್ಚಿಸಿ ದಾರಿ ತೋರಿಸುವ ಕೆಲಸ, ಟ್ರೈನಿಗಳಿಗೆ ಹೇಳಲು ರೂಪಕಗಳು, ಚಿತ್ರದ ಕಾರ್ಡುಗಳು ಬೇಕು ಅಂದಿದ್ದೀರಿ. ಪಟ್ಟಿ ಬೇಡ. ನಾನೂ ನೋಟ್‌ಬುಕ್ ತುಂಬ ಕೂಡಿಟ್ಟಿದ್ದೆ, ಅದೇ ಅಡ್ಡ ಬಂತು.

ಒಬ್ಬಳು ಟ್ರೈನಿ (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ) ತನ್ನ ಕ್ಲೈಂಟ್ ಬಗ್ಗೆ, "ಬಾವಿಗೆ ಕೊಡ ಬಿಟ್ಟು ಎಳೀತೀನಿ ಮೇಡಂ, ಪ್ರತಿ ಸಲ ಖಾಲಿ ಬರುತ್ತೆ" ಎಂದಳು. ಕೈ ಹಗ್ಗ ಸೇದುವ ಹಾಗೆ ಆಡುತ್ತಿತ್ತು. ನಾನು ತಕ್ಷಣ ಬಾಯಿ ಹಾಕಿದೆ. "ಹಗ್ಗ ಸಾಲ್ತಿಲ್ಲ, ಇನ್ನೂ ಕೆಳಗೆ ಬಿಡು." ಅಂದರೆ ಬಾಲ್ಯದ ಬಗ್ಗೆ ಕೇಳು, ಅಪ್ಪನ ವಿಷಯ ತೆಗಿ ಅಂತ. ಅವಳು ಹಾಗೇ ಮಾಡಿದಳು. ಕ್ಲೈಂಟ್ ಮತ್ತೆ ಬರಲೇ ಇಲ್ಲ.

ತಪ್ಪು ಎಲ್ಲಾಯ್ತು ಅಂದ್ರೆ, ಕೊಡ ಖಾಲಿ ಅಂದಳೇ ಹೊರತು ನೀರು ಆಳದಲ್ಲಿದೆ ಅಂತ ಅವಳು ಹೇಳಿರಲಿಲ್ಲ. ಬಾವಿ ಅಂದ ಕೂಡಲೇ ನನ್ನ ಕಣ್ಮುಂದೆ ನಮ್ಮೂರ ಬಾವಿ ಬಂತು, ಬೇಸಿಗೆಯಲ್ಲಿ ಹಗ್ಗಕ್ಕೆ ಹಗ್ಗ ಗಂಟು ಹಾಕಿ ಸೇದುತ್ತಿದ್ದ ಬಾವಿ, ಅದನ್ನೇ ಅವಳದ್ದು ಅಂದುಕೊಂಡು ಇಣುಕಿಯೂ ನೋಡದೆ ಆಳ ಹೇಳಿಬಿಟ್ಟೆ. ಟ್ರೈನಿ "ಹೌದು ಮೇಡಂ" ಅಂತಾಳೆ, ಮಾರ್ಕ್ಸ್ ನಮ್ಮ ಕೈಯಲ್ಲಿರುತ್ತೆ ಅಲ್ವಾ.

ಆಮೇಲೊಮ್ಮೆ ಅದೇ ಚಿತ್ರ ಮತ್ತೆ ಎತ್ತಿಕೊಂಡೆವು. ಈ ಸಲ ಡೇವಿಡ್ ಗ್ರೋವ್ ಅವರ ಕ್ಲೀನ್ ಲ್ಯಾಂಗ್ವೇಜ್ ಥರದ ಪ್ರಶ್ನೆಗಳನ್ನಷ್ಟೇ ಕೇಳಿದೆ. ನ್ಯೂಜಿಲೆಂಡಿನ ಈ ಥೆರಪಿಸ್ಟ್ 1980ರ ದಶಕದಲ್ಲಿ ಆಘಾತ ಅನುಭವಿಸಿದವರ ಜೊತೆ ಕೆಲಸ ಮಾಡುತ್ತಾ ರೂಪಿಸಿದ ವಿಧಾನ ಅದು. ಎದುರಿನವರ ಪದವನ್ನೇ ಬಳಸಬೇಕು, ನಮ್ಮದು ಸೇರಿಸಬಾರದು. "ಅದು ಎಂಥ ಬಾವಿ?" "ಅಲ್ಲಿ ಇನ್ನೇನಾದ್ರೂ ಇದೆಯಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. "ನೀರು ಮೇಲೇ ಇದೆ. ಹಿಂದೆ ಜನ ಸಾಲು ನಿಂತು ಬೇಗ ಬೇಗ ಅಂತಿದ್ದಾರೆ. ಕೊಡ ಮುಳುಗೋಕೆ ಮುಂಚೆನೇ ಎಳೀತಿದ್ದೀನಿ."

ಆ ಸಾಲಿನಲ್ಲಿ ಮುಂದೆ ನಿಂತಿದ್ದವಳು ನಾನೇ. ಕ್ಲೈಂಟ್‌ಗೂ ಮನೆಯವರು ಬೇಗ ಸರಿಹೋಗು ಅಂತ ಬೆನ್ನು ಬಿದ್ದಿದ್ದರು. ಥೆರಪಿ ಕೋಣೆಯಲ್ಲಿ ನಡೆಯುವುದು ಸೂಪರ್ವಿಷನ್‌ನಲ್ಲೂ ಮರುಕಳಿಸುತ್ತೆ ಅಂತ ಅಮೆರಿಕದ ಮನೋವಿಶ್ಲೇಷಕ ಹೆರಾಲ್ಡ್ ಸರ್ಲ್ಸ್ 1955ರಲ್ಲೇ ಬರೆದಿದ್ದರು. ಓದಿದ್ದೆ, ಆದರೆ ನನ್ನ ಕುರ್ಚಿಗೂ ಅನ್ವಯಿಸುತ್ತೆ ಅಂತ ಹೊಳೆದಿರಲಿಲ್ಲ.

ಹಾಗಾಗಿ ಕಾರ್ಡು ಕೊಳ್ಳಬೇಡಿ. ಟ್ರೈನಿ ಬಾಯಲ್ಲಿ "ಗೋಡೆ ಜೊತೆ ಮಾತಾಡಿದ ಹಾಗೆ", "ಕೈಗೇ ಸಿಗ್ತಿಲ್ಲ" ಅಂತ ಬರುತ್ತಲ್ಲ, ಅಲ್ಲಿ ನಿಲ್ಲಿ. ಎಂಥ ಗೋಡೆ ಅಂತ ಕೇಳಿ. ಏನೂ ಬರದಿದ್ದರೆ ಹಾಳೆ, ಪೆನ್ಸಿಲ್ ಕೊಡಿ. ಅರ್ಥ ಮಾತ್ರ ನೀವು ಹೇಳಬೇಡಿ. ಕ್ಲೈಂಟ್ ಜೀವಕ್ಕೆ ಅಪಾಯ ಇದೆ ಅನ್ನಿಸಿದ ದಿನ ಇದೆಲ್ಲ ಬದಿಗಿಡಿ, ನೇರವಾಗಿ ಕೇಳಿ, ನೇರವಾಗಿ ಹೇಳಿ.